ಕೊಳವೆಬಾವಿಯ ಬಳಿ ತಿರುಗದ ತಿರುಪು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಬೇಸಾಯಗಾರನ ಜೀವನಾಧಾರವೆನ್ನತಕ್ಕ ಯಂತ್ರಸಾಮಗ್ರಿಯು ಅವನ ಮನೆಯ ಬೀಗದೊಳಗೆ ಇರುವುದಿಲ್ಲ. ಅದು ಊರಿನಿಂದ ಅರ್ಧ ಹರದಾರಿ ದೂರದಲ್ಲಿ, ಹಿಪ್ಪುನೇರಳೆಯ ಸಾಲುಗಳ ಕೊನೆಯಲ್ಲಿಯೋ ಮಾವಿನ ತೋಪಿನ ಅಂಚಿನಲ್ಲಿಯೋ, ಹಗಲಿರುಳೆನ್ನದೆ ಬಯಲಿನಲ್ಲಿ ನಿಂತಿರುತ್ತದೆ. ಕೊಳವೆಬಾವಿಯ ಕೇಸಿಂಗ್ ಪೈಪು, ಅದರ ಬಾಯಿಂದ ಹೊರಬಿದ್ದ ಮೂರೆಳೆಯ ತಾಮ್ರದ ಕೇಬಲ್ಲು, ಎರಡು ಕಲ್ಲುಕಂಬಗಳ ನಡುವೆ ಅಡ್ಡಹಾಕಿದ ಕಬ್ಬಿಣದ ಪಟ್ಟಿಗೆ ಬಿಗಿದ ಸ್ಟಾರ್ಟರ್ ಪೆಟ್ಟಿಗೆ, ಹನಿ ನೀರಾವರಿಯ ಫಿಲ್ಟರು, ಗೇಟ್ ವಾಲ್ವು, ಇವಿಷ್ಟರ ಮೇಲೆ ಒಂದು ಕುಟುಂಬದ ಇಡೀ ವರ್ಷದ ಅನ್ನವು ನಿಂತಿದೆ. ಮಳೆಗೆ ನೆನೆಯದಿರಲೆಂದು ಪೆಟ್ಟಿಗೆಯ ಮೇಲೊಂದು ತಗಡಿನ ಸೂರು ಕಟ್ಟುವವರುಂಟು. ಮಕ್ಕಳು ಕೈಯಿಡದಿರಲೆಂದು ಬೀಗ ಜಡಿಯುವವರೂ ಉಂಟು. ಆದರೆ ಆ ಬೀಗದ ಪೆಟ್ಟಿಗೆಯನ್ನೇ ಪಟ್ಟಿಗೆ ಸೇರಿಸಿರುವ ನಾಲ್ಕು ಬೋಲ್ಟುಗಳು ಯಾವ ಸೈಕಲ್ ಅಂಗಡಿಯ ಸ್ಪ್ಯಾನರಿಗಾದರೂ ವಿಧೇಯವಾಗಿ ತಿರುಗುವಂಥವು ಎಂಬುದನ್ನು ಕಳುವಾಗುವ ಮೊದಲು ಗಮನಿಸುವವರು ವಿರಳ.

ಕಳ್ಳನಿಗೆ ಮೋಟಾರು ಬೇಕಿಲ್ಲ. ಸಾವಿರ ಅಡಿಯ ಆಳಕ್ಕೆ ಇಳಿದಿರುವುದನ್ನು ಮೇಲೆತ್ತಲು ವಾಹನವೂ ಆಳುಕಾಳೂ ಬೇಕಾಗುವುದರಿಂದ ಅದರ ಆಳವೇ ಅದಕ್ಕೆ ರಕ್ಷೆ. ಅವನ ಕಣ್ಣು ಬೀಳುವುದು ನೆಲದ ಮೇಲೆ ಕಾಣುವ ತಾಮ್ರದ ಮೇಲೆ. ಮೂರು ಫೇಸಿನ ವಿದ್ಯುತ್ತು ಸರದಿಯ ಪ್ರಕಾರ ಕೆಲವೇ ಗಂಟೆಗಳು ಬರುವ ಈ ಸೀಮೆಯಲ್ಲಿ, ಅದು ಇಲ್ಲದ ಹೊತ್ತು ಯಾವುದೆಂಬುದು ರೈತನಿಗೆಷ್ಟು ಗೊತ್ತೋ ಕಳ್ಳನಿಗೂ ಅಷ್ಟೇ ಗೊತ್ತು. ತಂತಿಯಲ್ಲಿ ಪ್ರವಾಹವಿಲ್ಲದ ಆ ಗಳಿಗೆಯಲ್ಲಿ ಬಾವಿಯ ಬಾಯಿಯ ಬಳಿ ಒಂದು ಕತ್ತರಿಪು, ಪೆಟ್ಟಿಗೆಯ ಬಳಿ ಇನ್ನೊಂದು ಕತ್ತರಿಪು, ಅಲ್ಲಿಗೆ ಕೆಲಸವಾಯಿತು. ಸಮಯವಿದ್ದರೆ ನಾಲ್ಕು ಬೋಲ್ಟುಗಳನ್ನು ಬಿಚ್ಚಿ ಪೆಟ್ಟಿಗೆಯನ್ನೂ ಹೊತ್ತೊಯ್ಯುವುದುಂಟು. ಈಚಿನ ವರ್ಷಗಳಲ್ಲಿ ಕಿಲೋಗ್ರಾಮಿಗೆ 800 ರೂಪಾಯಿಗಳನ್ನು ದಾಟಿದ ತಾಮ್ರವು, ರಬ್ಬರು ಹೊದಿಕೆಯನ್ನು ಸುಟ್ಟು ಕಳೆದ ಮೇಲೆ ಯಾರ ಹೊಲದ್ದು, ಯಾವ ಊರಿನದು ಎಂಬ ಗುರುತನ್ನೆಲ್ಲ ಕಳೆದುಕೊಂಡ ಕರಿಯ ತಂತಿಯ ಸುರುಳಿಯಾಗಿ ಗುಜರಿಯನ್ನು ಸೇರುತ್ತದೆ. ಕಳ್ಳನ ಗಳಿಕೆ ಅಲ್ಪ. ಕಳೆದುಕೊಂಡವನ ನಷ್ಟ ಮಾತ್ರ ಅದರ ಹಲವು ಪಾಲು. ಹೊಸ ಕೇಬಲ್ಲು, ಹೊಸ ಸ್ಟಾರ್ಟರು, ಜೋಡಿಸುವ ಮೆಕಾನಿಕ್ಕಿನ ಕೂಲಿ, ಇವಿಷ್ಟು ಕಾಣುವ ಲೆಕ್ಕ. ಕಾಣದ ಲೆಕ್ಕವೆಂದರೆ ಚೈತ್ರದ ಬಿಸಿಲಿನಲ್ಲಿ ವಾರವೆಲ್ಲ ನೀರು ಕಾಣದ ಹಿಪ್ಪುನೇರಳೆ. ನಾಲ್ಕನೆಯ ಜ್ವರದಿಂದೆದ್ದ ರೇಷ್ಮೆಹುಳುವು ತನ್ನ ಆಯುಷ್ಯದ ಆಹಾರದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಆ ಕೊನೆಯ ಕೆಲವು ದಿನಗಳಲ್ಲಿಯೇ ತಿನ್ನತಕ್ಕದ್ದಾದುದರಿಂದ, ಆ ಹೊತ್ತಿಗೆ ಸೊಪ್ಪು ಬಾಡಿದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಲು ಗೂಡೇ ಇರುವುದಿಲ್ಲ.

ಹಾಗಿದ್ದರೆ ಕಾವಲು ಕೂಡಬಾರದೆ ಎಂದು ಪಟ್ಟಣದವರು ಕೇಳಿಯಾರು. ಹಿಂದೆ ಊರಿಗೊಬ್ಬ ತಳವಾರನಿದ್ದ, ತೋಟಿಯಿದ್ದ, ನೀರುಗಂಟಿಯಿದ್ದ. ಕಳುವಾದರೆ ಜಾಡು ಹಿಡಿಯುವುದು ತಳವಾರನ ಹೊಣೆಯಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಶಾಸನವು ವಂಶಪಾರಂಪರ್ಯದ ಆ ವ್ಯವಸ್ಥೆಯನ್ನು ತೆಗೆದುಹಾಕಿತು. ಅದರಲ್ಲಿದ್ದ ಅನ್ಯಾಯಗಳನ್ನು ನೆನೆದರೆ ತೆಗೆದುಹಾಕಿದ್ದು ಯುಕ್ತವೇ ಹೌದು. ಆದರೆ ರಾತ್ರಿಯ ಕಾವಲೆಂಬ ಕೆಲಸವು ಅದರೊಡನೆ ಅನಾಥವಾಯಿತು, ಅದನ್ನು ಬೇರೆ ಯಾರೂ ವಹಿಸಿಕೊಳ್ಳಲಿಲ್ಲ. ಇಂದು ರೈತನು ತಾನೇ ತೋಟದಲ್ಲಿ ಮಲಗುವೆನೆಂದರೆ ಅದೂ ಸುಲಭವಲ್ಲ. ಕಾವೇರಿ ವನ್ಯಧಾಮದ ಮತ್ತು ಬನ್ನೇರುಘಟ್ಟದ ಕಾಡುಗಳಿಗೆ ಅಂಟಿಕೊಂಡ ಕನಕಪುರದ ಹಳ್ಳಿಗಳಲ್ಲಿಯೂ, ತೆಂಗಿನಕಲ್ಲು ಅರಣ್ಯದ ಸುತ್ತಲಿನ ಚನ್ನಪಟ್ಟಣದ ಸೀಮೆಯಲ್ಲಿಯೂ ಕತ್ತಲಾದ ಮೇಲೆ ಆನೆಗಳು ಬರುತ್ತವೆ. ಮಾಗಡಿಯ ಕಡೆ ಚಿರತೆಯ ಭಯ. ಆನೆ ತುಳಿದೀತೆಂಬ ಹೆದರಿಕೆಯಿಂದ ಮನೆಯೊಳಗೆ ಉಳಿದವನ ತೋಟಕ್ಕೆ, ಆ ಹೆದರಿಕೆಯನ್ನೇ ತನ್ನ ಅನುಕೂಲವಾಗಿ ಮಾಡಿಕೊಂಡ ಕಳ್ಳನು ನುಗ್ಗುತ್ತಾನೆ. ಇಂಥ ಪರಿಸ್ಥಿತಿಯಲ್ಲಿ ನಿದ್ರಿಸದ, ಕೂಲಿ ಕೇಳದ, ಆನೆಗೂ ಅಂಜದ ಕಾವಲುಗಾರನೊಬ್ಬನು ಬೇಕು. ಅಂಥವನು ಹಾರ್ಡ್‌ವೇರ್ ಅಂಗಡಿಯ ಸರಕುಪಟ್ಟಿಯಲ್ಲಿ ಬಹುಕಾಲದಿಂದಲೂ ಇದ್ದಾನೆಂಬುದೇ ಈ ಲೇಖನದ ವಿಷಯ.

ಸರ್ಕಾರವೂ ದೊಡ್ಡ ಸಂಸ್ಥೆಗಳೂ ಅವನನ್ನು ಚೆನ್ನಾಗಿ ಬಲ್ಲವು. ಈ ತಾಲ್ಲೂಕುಗಳ ಹೊಲಗಳ ಮೇಲೆ ಹಾದುಹೋಗುವ ಉಚ್ಚ ವೋಲ್ಟೇಜಿನ ತಂತಿಗಳನ್ನು ಹೊತ್ತ ಗೋಪುರಗಳ ಕೆಳಭಾಗಕ್ಕೆ ಬಿಗಿಯುವ ನಟ್ಟುಬೋಲ್ಟುಗಳು ಸಾಧಾರಣದವಲ್ಲ. ಮನುಷ್ಯನ ಕೈಗೆಟಕುವಷ್ಟು ಎತ್ತರದವರೆಗೆ ಬಿಚ್ಚಲಾಗದ ವಿಶೇಷ ಬೋಲ್ಟುಗಳನ್ನು ಹಾಕಬೇಕೆಂಬುದು ನಮ್ಮ ದೇಶದ ವಿದ್ಯುತ್ ಗೋಪುರಗಳ ನಿರ್ಮಾಣದಲ್ಲಿ ರೂಢಿಯಾಗಿರುವ ನಿಯಮ. 1881ರಿಂದ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹಾದುಹೋಗುತ್ತಿರುವಂಥ ರೈಲುಹಾದಿಗಳಲ್ಲಿ ಹಳಿಯನ್ನು ದಿಮ್ಮಿಗೆ ಅಪ್ಪಿಹಿಡಿಯುವ ಉಕ್ಕಿನ ಬಾಗು ಕ್ಲಿಪ್ಪನ್ನು ಸುತ್ತಿಗೆಯ ಎರಡು ಏಟಿನಿಂದ ಕಳಚಬಹುದಾದುದರಿಂದ, ರೈಲ್ವೆಯು ಕಳವಿನ ಭೀತಿಯುಳ್ಳ ಸ್ಥಳಗಳಿಗಾಗಿ ಉಂಗುರ ತೊಡಿಸಿದ, ಹೊರಬರದ ಕ್ಲಿಪ್ಪುಗಳನ್ನು ರೂಪಿಸಿಕೊಂಡಿತು. ಇವೆರಡೂ ಓದುಗರಿಗೆ ದೂರದ ವಿಷಯಗಳೆನಿಸಿದರೆ ಮನೆಯ ಮುಂದೆ ನಿಲ್ಲಿಸಿದ ವಾಹನವನ್ನೇ ನೋಡಬಹುದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೂ, ಅನಂತರ ಹಳೆಯ ವಾಹನಗಳಿಗೂ ಕಡ್ಡಾಯವಾದ ಅತಿಸುರಕ್ಷಿತ ನೋಂದಣಿ ಫಲಕವನ್ನು ಕೂರಿಸುವ ಲಾಕು ಒಮ್ಮೆ ಕೂತರೆ ಮುರಿಯದೆ ಬರುವುದಿಲ್ಲ. ಅದನ್ನು ಹಾಕಿಸಿಕೊಳ್ಳಲು ಕರ್ನಾಟಕದ ವಾಹನವಂತರೆಲ್ಲ ಪಟ್ಟ ಪಾಡು ಇನ್ನೂ ಮರೆತಿಲ್ಲ. ಕೆಲವು ನೂರು ರೂಪಾಯಿಯ ತಗಡಿನ ಫಲಕಕ್ಕೆ ಇಷ್ಟು ಕಟ್ಟುನಿಟ್ಟು ಮಾಡಬಲ್ಲ ಪ್ರಭುತ್ವವು, ತನ್ನದೇ ಸಹಾಯಧನದಿಂದ ರೈತನ ಹೊಲದಲ್ಲಿ ನಿಲ್ಲಿಸಿದ ಸೌರಫಲಕಕ್ಕೂ ಪಂಚಾಯಿತಿಯ ಬೀದಿದೀಪಕ್ಕೂ ಯಾವ ನಟ್ಟು ಹಾಕಲಾಗಿದೆಯೆಂದು ವಿಚಾರಿಸುವುದಿಲ್ಲವೆಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಬಿಚ್ಚಲಾಗದ ಬೋಲ್ಟೆಂದರೆ ಮಂತ್ರವಿದ್ಯೆಯೇನೂ ಅಲ್ಲ, ಅದರ ತತ್ತ್ವ ಬಹು ಸರಳ. ನಟ್ಟನ್ನು ತಿರುಗಿಸಬೇಕಾದರೆ ಸ್ಪ್ಯಾನರಿಗೆ ಹಿಡಿತ ಬೇಕು. ಬಿಗಿಯುವಾಗ ಹಿಡಿತವಿದ್ದು, ಬಿಗಿದಾದ ಮೇಲೆ ಇಲ್ಲದಂತಾದರೆ ಕಳ್ಳನ ಸ್ಪ್ಯಾನರು ಗಾಳಿಯಲ್ಲಿ ತಿರುಗುತ್ತದೆ. ಶಿಯರ್ ನಟ್ಟು ಎಂದು ಕರೆಯುವ ಜಾತಿಯಲ್ಲಿ ಕೆಳಗಿನ ಅರ್ಧವು ಶಂಕುವಿನಾಕಾರದ ನುಣುಪು ಲೋಹ, ಮೇಲಿನ ಅರ್ಧವು ಎಂದಿನ ಆರು ಮೂಲೆಯ ತಲೆ, ಇವೆರಡರ ನಡುವೆ ಬೇಕೆಂದೇ ಕೃಶವಾಗಿಸಿದ ಕತ್ತು. ಬಿಗಿಯುತ್ತ ಹೋದಂತೆ, ಗೊತ್ತುಪಡಿಸಿದ ಬಲ ಮೀರಿದ ಕೂಡಲೆ ಆ ಕತ್ತು ತುಂಡಾಗಿ ತಲೆಯು ಕೈಗೆ ಬರುತ್ತದೆ. ಉಳಿದ ಶಂಕುವನ್ನು ಯಾವ ಇಕ್ಕುಳವೂ ಸುಲಭವಾಗಿ ಹಿಡಿಯಲಾರದು. ಇದರಲ್ಲಿ ನನಗೆ ಮೆಚ್ಚುಗೆಯಾಗುವ ಇನ್ನೊಂದು ಗುಣವೂ ಉಂಟು: ಸರಿಯಾದಷ್ಟು ಬಿಗಿಯಾಯಿತೆಂಬುದಕ್ಕೆ ತಲೆ ಮುರಿದದ್ದೇ ಸಾಕ್ಷಿಯಾದುದರಿಂದ, ಬಿಗಿದವನ ಸೋಮಾರಿತನಕ್ಕೆ ಅಲ್ಲಿ ಎಡೆಯಿಲ್ಲ. ಒಂದೇ ದಿಕ್ಕಿಗೆ ತಿರುಗುವ ತಿರುಪುಮೊಳೆಗಳು ಮತ್ತೊಂದು ಬಗೆ. ಅವುಗಳ ತಲೆಯ ಕೊರೆತವು ಬಿಗಿಯುವ ಕಡೆಗೆ ನೆಟ್ಟಗಿದ್ದು ಬಿಚ್ಚುವ ಕಡೆಗೆ ಇಳಿಜಾರಾಗಿರುವುದರಿಂದ ಸ್ಕ್ರೂಡ್ರೈವರು ಜಾರಿಹೋಗುತ್ತದೆ. ನಕ್ಷತ್ರಾಕಾರದ ಕುಳಿಯ ಟಾರ್ಕ್ಸ್ ತಿರುಪು 1967ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಆ ಕುಳಿಯ ನಡುವೆ ಒಂದು ಸಣ್ಣ ಕಡ್ಡಿಯನ್ನು ನಿಲ್ಲಿಸಿದರೆ ಸಾಮಾನ್ಯ ಕೀಲಿ ಒಳಗೆ ಇಳಿಯದು. ಇವಲ್ಲದೆ ನಿರ್ದಿಷ್ಟ ಕೀಲಿಯಿದ್ದರೆ ಮಾತ್ರ ತಿರುಗುವ, ಕಾರಿನ ಚಕ್ರಕ್ಕೆ ಹಾಕುವಂಥ ನಟ್ಟುಗಳೂ ಉಂಟು. ಸೌರಫಲಕಗಳನ್ನು ಹಿಡಿದಿರುವ ಅಲೆನ್ ಬೋಲ್ಟನ್ನು ಕಳುವುನಿರೋಧಕವೆಂದು ನಂಬಿರುವವರು ಬಹುಮಂದಿ. ಅದರ ಕೀಲಿ ಪ್ರತಿಯೊಂದು ಗ್ಯಾರೇಜಿನಲ್ಲಿಯೂ ನೇತಾಡುತ್ತಿರುವಾಗ ಆ ನಂಬಿಕೆಗೆ ಆಧಾರವಿಲ್ಲ. ಆ ಕುಳಿಯೊಳಗೆ ಹಳೆಯ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಮಾತ್ರ ಅದಕ್ಕೆ ಆ ಹೆಸರು ಸಲ್ಲೀತು, ಅದೂ ಹೆಚ್ಚುಕಡಿಮೆ ಬಿಟ್ಟಿಯಾಗಿ.

ಬಿಟ್ಟಿಯ ಉಪಾಯಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆನು. ಸ್ಟಾರ್ಟರ್ ಪೆಟ್ಟಿಗೆಯನ್ನು ಕೂರಿಸುವಾಗ ಚೌಕ ಕತ್ತಿನ, ದುಂಡು ತಲೆಯ ಬೋಲ್ಟನ್ನು ಹಿಂದಿನಿಂದ ತೂರಿಸಿ, ನಟ್ಟನ್ನು ಪೆಟ್ಟಿಗೆಯ ಒಳಗಡೆ ಬಿಗಿದರೆ, ಹೊರಗೆ ಕಾಣುವುದು ಹಿಡಿತವಿಲ್ಲದ ದುಂಡು ತಲೆ ಮಾತ್ರ. ಆಗ ಪೆಟ್ಟಿಗೆಯ ಬೀಗವೇ ನಟ್ಟಿನ ಬೀಗವೂ ಆಗುತ್ತದೆ. ಕೊಳ್ಳಬೇಕಾದ ಹೊಸ ವಸ್ತುವಿಲ್ಲ, ಬೇಕಾದದ್ದು ಬೋಲ್ಟನ್ನು ಯಾವ ಕಡೆಯಿಂದ ತೂರಿಸಬೇಕೆಂಬ ವಿವೇಕವಷ್ಟೆ. ಬೋಲ್ಟಿನ ತುದಿಗೆ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆಯಾದರೂ ಅದನ್ನು ನಾನು ಅಷ್ಟಾಗಿ ಒಪ್ಪಲಾರೆ. ಬೆಂಕಿ ತಗುಲಿದೆಡೆ ಸತುವಿನ ಲೇಪ ಸುಟ್ಟುಹೋಗಿ ತುಕ್ಕು ಹಿಡಿಯುತ್ತದೆ, ಮುಂದೆ ರಿಪೇರಿಯ ದಿನ ಒಡೆಯನೇ ಕಳ್ಳನಂತೆ ಅದನ್ನು ಒಡೆಯಬೇಕಾಗುತ್ತದೆ.

ಯಾವ ನಟ್ಟೂ ಅಜೇಯವಲ್ಲವೆಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ವಿಚಿತ್ರಾಕಾರದ ಕೀಲಿಗಳ ಗೊಂಚಲು ಇಂದು ಆನ್‌ಲೈನಿನಲ್ಲಿ ಅಗ್ಗಕ್ಕೆ ದೊರೆಯುತ್ತದೆ. ಬ್ಯಾಟರಿಯಿಂದ ನಡೆಯುವ ಗ್ರೈಂಡರು ಕೈಯಲ್ಲಿದ್ದರೆ ಶಂಕುವೂ ಉಳಿಯದು. ಬಿಚ್ಚಲಾಗದ ನಟ್ಟು ಮಾರುವುದು ಅಭೇದ್ಯತೆಯನ್ನಲ್ಲ, ಸಮಯವನ್ನು. ಅರ್ಧ ನಿಮಿಷದಲ್ಲಿ ಸದ್ದಿಲ್ಲದೆ ಆಗುತ್ತಿದ್ದ ಕೆಲಸಕ್ಕೆ ಹತ್ತು ನಿಮಿಷವೂ, ಬೆಟ್ಟಕ್ಕೆ ಬಡಿದು ಮರಳುವಂಥ ಕರ್ಕಶ ಶಬ್ದವೂ, ಕಿಡಿಯೂ ಬೇಕಾದರೆ, ಕೆಲವು ಕಿಲೋ ಲೋಹಕ್ಕಾಗಿ ಬಂದವನು ಲೆಕ್ಕ ಹಾಕಿ ಹಿಂದಿರುಗುವ ಸಂಭವ ಹೆಚ್ಚು. ಕೇಬಲ್ಲಿನ ವಿಷಯದಲ್ಲಿಯಂತೂ ನಟ್ಟು ನಿರುಪಯುಕ್ತ; ಕತ್ತರಿಸುವವನಿಗೆ ಬಿಚ್ಚುವ ಅಗತ್ಯವೇ ಇಲ್ಲವಲ್ಲ. ಅಲ್ಲಿ ಮಾಡಬೇಕಾದದ್ದು ಬಾವಿಯಿಂದ ಪೆಟ್ಟಿಗೆಯವರೆಗೂ ಕೇಬಲ್ಲನ್ನು ಪೈಪಿನೊಳಗೆ ಹಾಯಿಸಿ ನೆಲದಲ್ಲಿ ಹೂಳುವುದು, ಪೆಟ್ಟಿಗೆಯನ್ನು ಬಾವಿಗೆ ಆದಷ್ಟು ಸಮೀಪಕ್ಕೆ ತರುವುದು, ಕೇಬಲ್ಲಿನ ಮೈಮೇಲೆ ಮಾರಿಗೊಂದೆಡೆಯಂತೆ ಬೆಸ್ಕಾಂ ಕೊಟ್ಟ ಆರ್.ಆರ್. ನಂಬರನ್ನು ಕೊರೆಯುವುದು. ಸುಟ್ಟರೆ ಅಂಕಿ ಹೋಗುವುದು ನಿಜವೇ; ಆದರೆ ಸುಡದೆ ಮಾರುವಂತಿಲ್ಲವೆಂಬ ಇಕ್ಕಟ್ಟು ಕಳ್ಳನಿಗೆ ಬಂದರೆ ಅದೂ ಲಾಭವೇ. ರಾತ್ರಿಯಲ್ಲಿ ರಬ್ಬರು ಸುಡುವ ಹೊಗೆಯೂ ವಾಸನೆಯೂ ಮೈಲಿಯಾಚೆಗೆ ತಿಳಿಯುತ್ತವೆ.

ಇದಕ್ಕೆ ಎದುರಾಗಿ ಮೋಟಾರು ಮೆಕಾನಿಕ್ಕುಗಳು ಹೇಳುವ ಆಕ್ಷೇಪಣೆಯೊಂದಿದೆ, ಅದು ನ್ಯಾಯವಾದದ್ದು. ಬೇಸಗೆಯಲ್ಲಿ ನೀರಿನ ಮಟ್ಟ ಇಳಿದಂತೆ ಮೋಟಾರನ್ನು ಪದೇಪದೇ ಎತ್ತಿ ಇಳಿಸಬೇಕಾಗುತ್ತದೆ. ಸ್ಟಾರ್ಟರಿನೊಳಗಿನ ರಿಲೇ ಸುಟ್ಟರೆ ಪೆಟ್ಟಿಗೆಯನ್ನು ಇಳಿಸಬೇಕಾಗುತ್ತದೆ. ಎಲ್ಲವನ್ನೂ ಬಿಚ್ಚದಂತೆ ಬಿಗಿದರೆ ನಮ್ಮ ಗತಿಯೇನೆಂದು ಅವರು ಕೇಳುತ್ತಾರೆ. ಉತ್ತರವೆಂದರೆ ಎಲ್ಲ ಕಡೆಗೂ ಒಂದೇ ನಟ್ಟು ಸಲ್ಲದು. ಹತ್ತು ವರ್ಷಕ್ಕೊಮ್ಮೆ ಬಿಚ್ಚಬಹುದಾದ ಸೌರಫಲಕದ ಚೌಕಟ್ಟಿಗೆ ತಲೆ ಮುರಿಯುವ ಶಿಯರ್ ನಟ್ಟು; ವರ್ಷದಲ್ಲಿ ಒಂದೆರಡು ಸಲ ಬಿಚ್ಚುವ ಬಾವಿಯ ಬಾಯಿಯ ಕ್ಲಾಂಪಿಗೂ ಪೆಟ್ಟಿಗೆಗೂ ಕೀಲಿಯ ನಟ್ಟು. ಆ ಕೀಲಿಯನ್ನು ಯಾರು ಇಟ್ಟುಕೊಳ್ಳಬೇಕು? ರೈತನ ಬಳಿ ಒಂದು, ಗ್ರಾಮ ಪಂಚಾಯಿತಿಯ ನೀರುಗಂಟಿಯ ಬಳಿ ಒಂದು. ಕುಡಿಯುವ ನೀರಿನ ಕೊಳವೆಬಾವಿಗಳನ್ನು ನಡೆಸುವ ಈ ನೀರುಗಂಟಿಯು ಪಂಚಾಯಿತಿಯ ಅತ್ಯಲ್ಪ ಸಂಬಳದ ನೌಕರನಾದರೂ, ಊರಿನ ಪ್ರತಿಯೊಂದು ಮೋಟಾರಿನ ಜಾತಕವನ್ನೂ ಬಲ್ಲವನು. ಬೀದಿಯ ಸೌರದೀಪಗಳ ವಿಷಯದಲ್ಲಿ ಪಂಚಾಯಿತಿಗಳು ತಕ್ಕಮಟ್ಟಿಗೆ ಪಾಠ ಕಲಿತಿವೆ. ಕಂಬದ ಬುಡದ ಪೆಟ್ಟಿಗೆಯಲ್ಲಿ ಸೀಸದ ಬ್ಯಾಟರಿಯನ್ನಿಟ್ಟು ಕಳೆದುಕೊಂಡ ಮೇಲೆ, ಬ್ಯಾಟರಿಯನ್ನು ದೀಪದೊಡನೆಯೇ ಕಂಬದ ತುದಿಗೇರಿಸುವ ಮಾದರಿ ಬಂದಿದೆ.

ಆಸ್ತಿಯ ಮಾತಿಗಿಂತ ಗುರುತರವಾದ ಮಾತೊಂದು ಉಳಿದಿದೆ. ನೀರು ಬತ್ತಿ ಕೈಬಿಟ್ಟ ಕೊಳವೆಬಾವಿಯ ಬಾಯಿಗೆ ಉಕ್ಕಿನ ತಟ್ಟೆಯನ್ನು ವೆಲ್ಡ್ ಮಾಡಬೇಕು ಅಥವಾ ಬಲವಾದ ಮುಚ್ಚಳವನ್ನು ಕೇಸಿಂಗಿಗೆ ನಟ್ಟುಬೋಲ್ಟುಗಳಿಂದ ಬಿಗಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಆಜ್ಞಾಪಿಸಿತು. ಆ ಆಜ್ಞೆ ಹೊರಟು ಏಳು ವರ್ಷಗಳಾದ ಮೇಲೆ, 2017ರ ಏಪ್ರಿಲಿನಲ್ಲಿ, ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ತೆರೆದ ಕೊಳವೆಬಾವಿಗೆ ಬಿದ್ದು ತೀರಿಕೊಂಡಳು. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದೊಳಗಿನ ಕೂಸು ದೈವವಶಾತ್ ಜೀವಸಹಿತ ಮೇಲೆ ಬಂದಿತು. ಆ ಬಾವಿಗಳ ಮುಚ್ಚಳವನ್ನು ಯಾರಾದರೂ ಕದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಸಾಧಾರಣ ನಟ್ಟಿನಿಂದ ಬಿಗಿದ ಉಕ್ಕಿನ ಮುಚ್ಚಳಕ್ಕೆ ಗುಜರಿಯಲ್ಲಿ ಬೆಲೆಯಿದೆ, ಕೈಬಿಟ್ಟ ಬಾವಿಯ ಕಡೆಗೆ ಒಡೆಯನೂ ತಿಂಗಳುಗಟ್ಟಲೆ ಹೋಗುವುದಿಲ್ಲ. ಎಂದೂ ಬಿಚ್ಚಬೇಕಾಗಿಲ್ಲದ ವಸ್ತು ಜಗತ್ತಿನಲ್ಲಿ ಯಾವುದಾದರೂ ಇದ್ದರೆ ಅದು ಬತ್ತಿದ ಬಾವಿಯ ಮುಚ್ಚಳ. ಶಿಯರ್ ನಟ್ಟಿಗೆ ಅದಕ್ಕಿಂತ ಯೋಗ್ಯವಾದ ಸ್ಥಾನ ನನಗೆ ತೋಚದು.

ಕಾನೂನಿನ ವಿಚಾರವನ್ನು ಬಲ್ಲವರು ಹೇಳಬೇಕು, ಆದರೂ ರೈತರಿಗೆ ತಿಳಿದಿರಬೇಕಾದ ಒಂದೆರಡು ಸಂಗತಿಗಳುಂಟು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಅಪರಾಧಿಯಾದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಶಿಕ್ಷೆಯೆಂದರೆ ಸಮುದಾಯ ಸೇವೆ. ಇಂಥ ಕಳವು ಪೊಲೀಸರು ತಾವಾಗಿಯೇ ತನಿಖೆಗೆ ತೆಗೆದುಕೊಳ್ಳುವ ಅಪರಾಧಗಳ ಸಾಲಿನಲ್ಲಿಯೂ ಇಲ್ಲ. ಹಸಿದವನೊಬ್ಬನ ಚಿಲ್ಲರೆ ತಪ್ಪಿಗೆ ಇದು ದಯೆಯುಳ್ಳ ನಿಯಮವೇ. ಆದರೆ ಇಪ್ಪತ್ತಡಿ ಕೇಬಲ್ಲಿನ ಬೆಲೆಯನ್ನು ಮಾತ್ರ ಬರೆದುಕೊಂಡು, ಒಣಗಿದ ಬೆಳೆಯನ್ನು ಬಿಟ್ಟರೆ, ಬಹುಪಾಲು ತೋಟದ ಕಳವುಗಳು ಆ ದಯೆಯ ಮರೆಗೆ ಸರಿದುಬಿಡುತ್ತವೆ. 2003ರ ವಿದ್ಯುಚ್ಛಕ್ತಿ ಶಾಸನದ 136ನೆಯ ಕಲಮು ಬೇರೆ ದಾರಿಯನ್ನು ತೋರಿಸುತ್ತದೆ. ವಿದ್ಯುತ್ ಮಾರ್ಗವನ್ನಾಗಲಿ ಸಾಮಗ್ರಿಯನ್ನಾಗಲಿ ಲೈಸೆನ್ಸುದಾರನ ಅಥವಾ ಒಡೆಯನ ಒಪ್ಪಿಗೆಯಿಲ್ಲದೆ ಕತ್ತರಿಸಿ ಒಯ್ಯುವವನಿಗೆ ಅದರಲ್ಲಿ 3 ವರ್ಷಗಳವರೆಗೆ ಸೆರೆವಾಸ ಉಂಟು. ಕದ್ದುದೆಂದು ತಿಳಿದೂ ಕೊಂಡವನಿಗೆ 137ನೆಯ ಕಲಮು ಉಂಟು. 2007ರ ತಿದ್ದುಪಡಿಯ ಮೇಲೆ ಇವೆರಡೂ ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳತಕ್ಕ, ಜಾಮೀನಿಲ್ಲದ ಅಪರಾಧಗಳು. ಒಡೆಯ ಎಂಬ ಶಬ್ದವನ್ನು ಶಾಸನವೇ ಬಳಸಿರುವಾಗ, ರೈತನ ದೂರನ್ನು ಈ ಕಲಮಿನಡಿಯಲ್ಲಿ ಬರೆದುಕೊಳ್ಳಲು ಠಾಣೆಗಳು ಹಿಂಜರಿಯಬಾರದು.

ಗುಜರಿಯ ವಿಷಯದಲ್ಲಿ ಒಂದು ವಿವೇಚನೆ ಬೇಕು. ಬೀದಿಬೀದಿಯಲ್ಲಿ ಕೂಗುತ್ತ ಹಳೆಯ ಕಬ್ಬಿಣ, ಖಾಲಿ ಸೀಸೆ ಕೊಳ್ಳುವ ಬಡವನನ್ನು ಹಿಡಿದು ದಂಡಿಸುವುದರಿಂದ ಪ್ರಯೋಜನವಿಲ್ಲ. ಸುಟ್ಟ ತಾಮ್ರವನ್ನು ತೂಕಕ್ಕೆ ಹಾಕಿಕೊಳ್ಳುವ ತಕ್ಕಡಿ ಅವನಿಗಿಂತ ಎರಡು ಮೆಟ್ಟಿಲು ಮೇಲಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ಅಧಿಕರಣದಲ್ಲಿ, ಹಳೆಯ ಸರಕು ತನ್ನದೆಂಬುದನ್ನು ಮಾರುವವನು ಸ್ಥಾಪಿಸಿದ ಮೇಲೆಯೇ ಸಂಸ್ಥಾಧ್ಯಕ್ಷನು ಅದರ ವಿಕ್ರಯಕ್ಕೂ ಒತ್ತೆಗೂ ಎಡೆಗೊಡಬೇಕೆಂಬ ವಿಧಿಯುಂಟು. ರೈಲ್ವೆಗೆ ಈ ಸೌಲಭ್ಯವು 1966ರ ಶಾಸನದಿಂದಲೇ ದೊರೆತಿದೆ. ಕದ್ದುದೆಂದು ಸಕಾರಣವಾಗಿ ಶಂಕಿಸಬಹುದಾದ ರೈಲ್ವೆಯ ಸಾಮಾನು ಯಾರ ಬಳಿ ಸಿಕ್ಕಿತೋ ಅವನೇ ಅದು ನ್ಯಾಯವಾಗಿ ಬಂದುದೆಂದು ತೋರಿಸಬೇಕು. ರೈತನ ತಾಮ್ರಕ್ಕೂ ಅಂಥ ರಕ್ಷೆಯನ್ನು ಕೊಡುವುದಕ್ಕೆ ಹೊಸ ತತ್ತ್ವವನ್ನೇನೂ ಕಂಡುಹಿಡಿಯಬೇಕಾಗಿಲ್ಲ. ನಾಲ್ಕು ತಾಲ್ಲೂಕುಗಳ ತಾಮ್ರದ ಸಗಟು ಖರೀದಿದಾರರು ಮಾರಿದವನ ಹೆಸರು, ವಾಹನದ ಸಂಖ್ಯೆ, ತೂಕ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಮಾಡಿ, ವಾರಕ್ಕೊಮ್ಮೆ ಠಾಣೆಯವರು ನೋಡಿದರೆ ಆರಂಭಕ್ಕೆ ಸಾಕು.

ಖರ್ಚಿನ ಪ್ರಶ್ನೆ ಬಹಳ ದೊಡ್ಡದೇನಲ್ಲ. ಒಂದು ಪಂಪ್‌ಸೆಟ್ಟಿಗೆ ಬೇಕಾಗುವ ವಿಶೇಷ ನಟ್ಟುಗಳು ಬೊಗಸೆಯನ್ನೂ ತುಂಬವು, ಅವುಗಳ ಬೆಲೆ ಹೊಸ ಕೇಬಲ್ಲಿನ ಬೆಲೆಯ ಎದುರು ಗಣನೆಗೆ ಬಾರದು. ಕೊರತೆಯಿರುವುದು ಹೊಣೆಯಲ್ಲಿ. ಹನಿ ನೀರಾವರಿಯ ಸಹಾಯಧನ, 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರಪಂಪು, ಪಂಚಾಯಿತಿಯ ಬೀದಿದೀಪ, ಇವೆಲ್ಲಕ್ಕೂ ಸಾಮಗ್ರಿಯ ಗುಣವಿವರಗಳ ಪಟ್ಟಿಯಿರುತ್ತದೆ. ಪೈಪಿನ ದಪ್ಪವನ್ನೂ ಫಲಕದ ವಾಟನ್ನೂ ಕೂಲಂಕಷವಾಗಿ ನಮೂದಿಸುವ ಆ ಪಟ್ಟಿಗೆ ನಟ್ಟಿನ ಜಾತಿಯನ್ನು ಸೂಚಿಸುವ ಒಂದು ಸಾಲನ್ನು ಸೇರಿಸಬೇಕು. ಕಾಮಗಾರಿಯ ಛಾಯಾಚಿತ್ರವಿಲ್ಲದೆ ಹಣ ಬಿಡುಗಡೆ ಮಾಡದ ಅಧಿಕಾರಿಗಳು, ಆ ಚಿತ್ರದಲ್ಲಿ ನಟ್ಟಿನ ತಲೆಯೂ ಕಾಣಬೇಕೆಂದು ಕೇಳಿದರೆ ಗುತ್ತಿಗೆದಾರನು ತಾನಾಗಿಯೇ ಎಚ್ಚರಗೊಳ್ಳುವನು. ಅಳತೆಯ ಬಲದಿಂದ ನಟ್ಟು ಬಿಗಿಯುವ ವಿದ್ಯೆ ಈ ಸೀಮೆಗೆ ಹೊಸದೂ ಅಲ್ಲ; 1999ರ ಕೊನೆಯಿಂದ ಕಾರು ತಯಾರಿಸುತ್ತಿರುವ ಬಿಡದಿಯ ಕಾರ್ಖಾನೆಯಲ್ಲಿ ಅದು ದಿನನಿತ್ಯದ ಕಸುಬು, ಅಲ್ಲಿಗೆ ದುಡಿಯಲು ಹೋಗುವವರಲ್ಲಿ ಈ ತೋಟಗಳ ಮಕ್ಕಳೂ ಇದ್ದಾರೆ. ಆಲೆ ಮರವನ್ನು ಕಡೆದು ಅರಗು ಬಳಿಯುವ ಚನ್ನಪಟ್ಟಣದಲ್ಲಿ ಲೇಥು ಎಂಬ ಯಂತ್ರವನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಮರದ ಲೇಥಿನಿಂದ ಉಕ್ಕಿನ ಲೇಥಿಗೆ ದೂರವಿದೆಯಾದರೂ, ಕೀಲಿಯ ನಟ್ಟುಗಳಿಗೆ ಬೇಡಿಕೆ ಹುಟ್ಟಿದರೆ ಜಿಲ್ಲೆಯ ಸಣ್ಣ ವರ್ಕ್‌ಷಾಪುಗಳೇ ಅವನ್ನು ಕಡೆದು ಕೊಡಬಲ್ಲವು. ಹಾಗೆ ಮಾಡಿಸುವಾಗ ಒಂದು ಎಚ್ಚರಿಕೆ ಮಾತ್ರ ಅವಶ್ಯ. ಪಂಚಾಯಿತಿಗೊಂದು ಕೀಲಿಯ ಅಚ್ಚು ಬೇರೆಬೇರೆಯಾಗಿರಬೇಕು. ಅಗ್ಗವಾಗುತ್ತದೆಂದು ಒಂದೇ ಅಚ್ಚಿನಲ್ಲಿ ಜಿಲ್ಲೆಗೆಲ್ಲ ಮಾಡಿಸಿಬಿಟ್ಟರೆ, ಚನ್ನಪಟ್ಟಣದಲ್ಲಿ ಕಳೆದುಹೋದ ಒಂದು ಕೀಲಿಯಿಂದ ಮಾಗಡಿಯ ಪೆಟ್ಟಿಗೆಗಳೆಲ್ಲ ಬಿಚ್ಚಿಕೊಳ್ಳುವುವು.